ಬೇರೆ ಯಾರದೋ ರಕ್ತ

ಅಳಿಯನ ಫೋನು ಬಂದಾಗ ವಿಗ್ ಮಾಸ್ತರರು ನಾಟಕದ ರಾಣಿಯ ವಿಗ್ಗಿಗೆ ಬೈತಲೆ ತೆಗೆಯುತ್ತಿದ್ದರು. "ಮಾವ, ಅವಳು ಹೋಗ್ಬಿಟ್ಲು," ಎಂದ ಅಳಿಯ. ಮಾಸ್ತರರು ಬಾಚಣಿಗೆ ಕೆಳಗಿಟ್ಟರು. ಅಳಲಿಲ್ಲ. "ಆ ರಕ್ತದ ರಿಪೋರ್ಟು ಎಲ್ಲಿದೆ? ಜೋಪಾನವಾಗಿಡು. ಯಾರ ಕೈಗೂ ಕೊಡ್ಬೇಡ," ಎಂದರು.

ಅವರ ಅನುಮಾನ ಅಂದು ಹುಟ್ಟಿದ್ದಲ್ಲ. ಮಗಳಿಗೆ ಹತ್ತು ವರ್ಷದಿಂದ ಥೈರಾಯ್ಡ್ ಮಂದವಾಗಿತ್ತು. ಮೈಯನ್ನು ಕಾಯಬೇಕಾದ ರಕ್ತವೇ ಕುತ್ತಿಗೆಯ ಗ್ರಂಥಿಯನ್ನು ಹಗೆಯೆಂದು ಬಗೆದು ತಿನ್ನುವ ಕಾಯಿಲೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ದಿನಕ್ಕೊಂದು ಮಾತ್ರೆ ನುಂಗಿಕೊಂಡು ಚೆನ್ನಾಗಿಯೇ ಇದ್ದಳು. ಈ ವರ್ಷ ರಿಪೋರ್ಟು ಇದ್ದಕ್ಕಿದ್ದಂತೆ ತಲೆಕೆಳಗಾಯಿತು. ಥೈರಾಯ್ಡ್ ಅತಿಯಾಗಿದೆ, ಅದನ್ನು ಕೆರಳಿಸುವ ಪ್ರತಿಕಾಯಗಳೂ ರಕ್ತದಲ್ಲಿವೆ ಎಂದಿತು. ಎರಡನೆಯ ಸಲ ಪರೀಕ್ಷಿಸಿದರೂ ಅದೇ. ಡಾಕ್ಟರು ಕಾಗದವನ್ನು ನಂಬಿ ಮಾತ್ರೆ ನಿಲ್ಲಿಸಿದರು. ಮಗಳ ಮುಖ ಊದಿತು, ದನಿ ದಪ್ಪಗಾಯಿತು. ಬಿಸಿಲಲ್ಲಿ ನಿಂತು ನಡುಗಿದಳು, ಕೂತಲ್ಲೇ ತೂಕಡಿಸಿದಳು. ಕೊನೆಗೊಂದು ಕೆಮ್ಮು, ಜ್ವರ ನೆಪವಾಗಿ ಎಚ್ಚರ ತಪ್ಪಿದವಳು ಮತ್ತೆ ಕಣ್ಣು ಬಿಡಲಿಲ್ಲ.

"ಅದು ಅವಳ ರಕ್ತವೇ ಅಲ್ಲ," ಎಂದು ಮಾಸ್ತರರು ಹಟ ಹಿಡಿದರು. "ಬೇರೆ ಯಾರದೋ ರಕ್ತಕ್ಕೆ ನನ್ನ ಮಗಳ ಹೆಸರು ಅಂಟಿಸಿದಾರೆ."

"ಒಂದು ಸಲ ಅದಲುಬದಲಾಗ್ಬಹುದು ಮಾವ. ಎರಡು ಸಲಾನಾ?"

"ಅದಕ್ಕೇ ಹೇಳಿದ್ದು. ಒಂದು ಸಲ ಆದ್ರೆ ತಪ್ಪು. ಎರಡು ಸಲ ಆದ್ರೆ ಅದರ ಹಿಂದೆ ಯಾರೋ ಇದಾರೆ."

ಹದಿನೈದು ದಿನ ಕಳೆದ ಮೇಲೆ ಇಬ್ಬರೂ ಲ್ಯಾಬಿಗೆ ಹೋದರು. ರಕ್ತ ತೆಗೆಯುವ ಹೆಂಗಸು ನಡುವಯಸ್ಸಿನವಳು. ಇವರು ಯಾರೆಂದು ತಿಳಿದೊಡನೆ ಅವಳ ಕೈ ತಾನಾಗಿ ಕೋಟಿನ ಜೇಬಿಗೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ ಎಂದುಕೊಂಡರು ಮಾಸ್ತರರು.

"ಕೂತ್ಕೊಳ್ಳಿ ಯಜಮಾನ್ರೇ."

"ಕೂರೋಕೆ ಬಂದಿಲ್ಲಮ್ಮ. ಯಾರ ರಕ್ತ ಅದು? ಅಷ್ಟು ಹೇಳಿಬಿಡು, ಹೋಗ್ತೀನಿ."

ಅವಳು ರಿಜಿಸ್ಟರ್ ತೆಗೆದಳು. "ಸೂಜಿ ಚುಚ್ಚೋಕೆ ಮುಂಚೆ ಹೆಸರು ಓದಿ ಹೇಳಿ, ಅವರ ಕಣ್ಣೆದುರೇ ಟ್ಯೂಬಿಗೆ ಚೀಟಿ ಅಂಟಿಸ್ತೀನಿ. ನೋಡಿ, ಇದು ನನ್ನ ಸಹಿ. ಪಕ್ಕದಲ್ಲಿ ನಿಮ್ಮ ಮಗಳದು."

"ಸಹಿ ಕಳ್ಳನೂ ಹಾಕ್ತಾನೆ."

"ಮಾವ!" ಎಂದ ಅಳಿಯ.

"ಬೈಲಿ ಬಿಡಿ," ಎಂದು ಆಕೆ ಜೇಬಿನಿಂದ ಮಡಿಸಿದ ಕಾಗದವೊಂದನ್ನು ಹೊರತೆಗೆದಳು. "ನನಗೂ ಅನುಮಾನ ಇದೆ ಯಜಮಾನ್ರೇ. ಕೊನೇ ದಿನ ಆಸ್ಪತ್ರೆಯವರು ಮಾಡಿದ ಪರೀಕ್ಷೆ ಇದು, ಕೇಳಿ ತರಿಸ್ಕೊಂಡೆ. ಅವರ ಮೆಷಿನ್ನು ಬೇರೆ ಥರದ್ದು. ಅದರ ಪ್ರಕಾರ ನಿಮ್ಮ ಮಗಳ ಥೈರಾಯ್ಡ್ ಪೂರ್ತಿ ಬತ್ತಿ ಹೋಗಿತ್ತು. ನಮ್ಮದು ಹೇಳಿದ್ದಕ್ಕೆ ತದ್ವಿರುದ್ಧ. ರಕ್ತ ನಿಮ್ಮ ಮಗಳದೇ. ಆದ್ರೆ ನಮ್ಮ ಮೆಷಿನ್ನಿಗೆ ಏನೋ ಮಂಕುಬೂದಿ ಎರಚಿದೆ. ಒಂದು ಮಾತು ಕೇಳ್ಲಾ? ಕೂದಲಿಗೆ, ಉಗುರಿಗೆ ಅಂತ ಮಾತ್ರೆ ಏನಾದ್ರೂ ತಗೋತಿದ್ರಾ? ಬಯೋಟಿನ್ ಅಂತ ಬರುತ್ತೆ."

"ಇಲ್ಲಮ್ಮ," ಎಂದ ಅಳಿಯ. "ಡಾಕ್ಟ್ರು ಕೇಳ್ದಾಗ ನಾನೂ ಜೊತೇಲೇ ಇದ್ದೆ. ಥೈರಾಯ್ಡ್ ಮಾತ್ರೆ ಬಿಟ್ರೆ ಬೇರೆ ಯಾವ ಔಷಧೀನೂ ಇಲ್ಲ ಅಂದ್ಲು."

"ಆ ಮಾತ್ರೆ ಮೈಗೇನೂ ಕೆಡುಕು ಮಾಡಲ್ಲ. ಜಾಸ್ತಿ ತಗೊಂಡ್ರೆ ಕೆಲವು ಮೆಷಿನ್ನುಗಳ ಲೆಕ್ಕ ಕೆಡುತ್ತೆ. ಕಮ್ಮಿ ಇರೋದು ಅತಿ ಅಂತ ಬರುತ್ತೆ, ಇಲ್ಲದ ಪ್ರತಿಕಾಯ ಇದೆ ಅಂತ ಬರುತ್ತೆ. ಎರಡು ದಿನ ನಿಲ್ಲಿಸಿ ರಕ್ತ ಕೊಟ್ಟಿದ್ರೆ ಸಾಕಿತ್ತು. ನಾನಾದ್ರೂ ಕೇಳ್ಬೇಕಿತ್ತು. ಕೇಳ್ಲಿಲ್ಲ."

ಮಾಸ್ತರರು ಮೆಲ್ಲನೆ ಬೆಂಚಿನ ಮೇಲೆ ಕೂತರು. ಅವರ ಕಾರ್ಖಾನೆಯ ಕಪಾಟಿನಲ್ಲಿ, ವಿಗ್ಗಿನ ಅಂಟು ಮತ್ತು ಬಾಚಣಿಗೆಗಳ ನಡುವೆ, ಒಂದು ಬಿಳಿ ಡಬ್ಬಿ ಇತ್ತು. ಕೂದಲು ತಂದು ಮಾರುವವನೇ ಈ ವರ್ಷದಿಂದ ಅದನ್ನೂ ತಂದುಕೊಡುತ್ತಿದ್ದ. ಮಗಳು ಬೆಳಗ್ಗೆ ಕೆಲಸಕ್ಕೆ ಹೋಗುವಾಗ ಅಪ್ಪನ ಮುಖ ನೋಡಿಕೊಂಡೇ ಹೋಗುವವಳು. "ಬೈತಲೆ ಅಗಲ ಆಗ್ತಿದೆ ಮಗಳೇ, ಬಾಯಿ ತೆಗಿ," ಎಂದು ಅವರು ಎರಡು ಮಾತ್ರೆ ಕೊಡುತ್ತಿದ್ದರು.

"ವಿಗ್ ಮಾಸ್ತರ ಮಗಳು ಬೋಳಿ ಅಂತ ಊರವರು ನಗ್ತಾರೆ ಅಂತ ಹೆದರಿಕೇನಾ ಅಪ್ಪಾ?" ಎಂದು ಅವಳು ರೇಗಿಸುತ್ತಿದ್ದಳು. "ಡಾಕ್ಟ್ರಿಗೆ ಹೇಳ್ಲಾ ಇದನ್ನ?" ಎಂದು ಒಮ್ಮೆ ಕೇಳಿಯೂ ಇದ್ದಳು. "ಇದೇನು ಔಷಧಿಯೇ ಹೇಳೋಕೆ? ಕೂದಲ ಸಾಮಾನು," ಎಂದಿದ್ದರು ಅವರು.

"ನಾನೇ ಕೊಟ್ಟೆ," ಎಂದರು ಮಾಸ್ತರರು. "ದಿನಾ ಅವಳ ಕೂದಲು ನೋಡ್ದೆ. ಮುಖ ನೋಡ್ಲಿಲ್ಲ."

ಲ್ಯಾಬಿನಾಕೆ ರಿಜಿಸ್ಟರ್ ಮುಚ್ಚಿದಳು. ಅಳಿಯ ಮೂಲೆಯಲ್ಲಿದ್ದ ಕೊಳಗದಿಂದ ಒಂದು ಲೋಟ ನೀರು ತುಂಬಿ ತಂದು, ಮಾವನ ಮುಖ ನೋಡದೆ, ಬೆಂಚಿನ ಮೇಲಿಟ್ಟು ಹೊರಗೆ ಹೋದ.

ಮಾಸ್ತರರು ನೀರು ಮುಟ್ಟಲಿಲ್ಲ. ಕಣ್ಣು ಮುಚ್ಚಿ ಕೈ ಮುಗಿದರು. "ಭಗವಂತ, ನನ್ನ ಮಗಳಿಗೆ ಶಾಂತಿ ಕೊಡು. 'ಆ ಮಾತ್ರೆ ನಿನಗೆ ಕೊಟ್ಟವರು ಯಾರು' ಎಂದು ನೀನು ಕೇಳಿದರೆ ಅವಳು ಬಾಯಿ ಬಿಡುವುದಿಲ್ಲ. ಅಪ್ಪನನ್ನು ಬಿಟ್ಟುಕೊಡುವವಳಲ್ಲ ಅವಳು. ಅವಳನ್ನು ಕೆದಕಬೇಡ, ತಂದೆ. ಕೇಳುವುದಿದ್ದರೆ ನಾನು ಬಂದ ಮೇಲೆ ನನ್ನನ್ನು ಕೇಳು."