ತೊಂಬತ್ತರ ಗೆರೆ

ತೊಂಬತ್ತು ಕಿಲೋ ದಾಟಿದ ಮೈಗೆ ಬಿ.ಪಿ. ಗುಳಿಗೆ ನಾಟುವುದಿಲ್ಲ, ಕೊಟ್ಟರೂ ದಂಡ ಎಂದು ಸರ್ಕಾರ ತೀರ್ಮಾನಿಸಿ ಆರು ವರ್ಷವಾಗಿತ್ತು. ಅದಕ್ಕೇ ಜವರಮ್ಮ ತಿಂಗಳಿಗೊಮ್ಮೆ ಹಿಂದಿನ ದಿನದಿಂದ ನೀರೂ ಮುಟ್ಟದೆ ಸೊಸೈಟಿ ಅಂಗಡಿಯ, ತೂಕ ನೋಡಿ ಗುಳಿಗೆ ಕೊಡುವ ಯಂತ್ರ ಹತ್ತುತ್ತಿದ್ದಳು. ಇವತ್ತು ಬಳೆ, ಕಾಲುಂಗುರ ಬಿಚ್ಚಿಟ್ಟರೂ ಇಪ್ಪತ್ತು ಗ್ರಾಂ ಹೆಚ್ಚೇ ತೋರಿಸಿತು.

“ತಾಳಿನೂ ತಗಿಯಮ್ಮಿ,” ಎಂದ ಹಿಂದೆ ನಿಂತಿದ್ದ ಗಂಡ ನಿಂಗೇಗೌಡ. “ನಾನಿನ್ನೂ ಬದ್ಕಿದೀನಲ್ಲ!”

ಸಾಲಿನವರೆಲ್ಲ ನಕ್ಕರು. ಅವಳು ತಾಳಿ ತೆಗೆದು ಅವನ ಕೈಗಿಟ್ಟಳು. ಗುಳಿಗೆಯ ಪೊಟ್ಟಣ ಬಿತ್ತು.

ಆಮೇಲೆ ಗೌಡ ತಾಳಿಯನ್ನು ಅಂಗಿಯ ಜೇಬಿಗೆ ಹಾಕಿ ಹತ್ತಿದ. ತೊಂಬತ್ತೆಂಟು. ತೊಂಬತ್ತು ದಾಟಿ ನಾಲ್ಕು ತಿಂಗಳಿಂದ ಗುಳಿಗೆಯಿಲ್ಲದೆ ಎಡಗೈ ಆಗಲೇ ಸ್ವಾಧೀನ ತಪ್ಪಿತ್ತು. ಬಲಗೈಯೊಂದರಲ್ಲೇ ಅಂಗಿ ಬಿಚ್ಚಿದ, ಉಡಿದಾರ ಬಿಚ್ಚಿದ. ತೊಂಬತ್ತೇಳೂವರೆ.

“ಮುಂದಿನವರು ಬನ್ನಿ,” ಎಂದಿತು ಯಂತ್ರ.

ಅವನು ಇಳಿದು ಬಂದು ತಾಳಿ ಚಾಚಿದ. “ಹಾಕ್ಕೊಳಮ್ಮಿ, ನಾನಿನ್ನೂ ಬದ್ಕಿದೀನಲ್ಲ.”

ಈ ಸಲ ಸಾಲಿನಲ್ಲಿ ಯಾರೂ ನಗಲಿಲ್ಲ.