ಅಕ್ಕಿಯಲ್ಲಿ ಬರೆದ ಹೆಸರು

ಸೊಸೆ ಕ್ಲೇರ್, ಸ್ಟಾಫರ್ಡ್ ಎಂಬ ಪರದೇಶದ ಊರಿನ ತಮ್ಮ ಮನೆಯ ಗೋಡೆಗೆ ಅಂಟಿಸಿದ್ದ ವಂಶವೃಕ್ಷದಿಂದ ಶಾಂತವ್ವನಿಗೆ ಕಣ್ಣು ಕೀಳಲಾಗಲಿಲ್ಲ. ಕ್ಲೇರಳ ಹಿರಿಯರು ಕೆನಡಾದ ಫ್ರೆಂಚರು. ಅವರ ಚರ್ಚಿನವರು ಮದುವೆಯಾದ ಹೆಂಗಸರನ್ನೂ ಸಾಯುವ ತನಕ ತವರಿನ ಅಡ್ಡಹೆಸರಿನಲ್ಲೇ ಬರೆದಿಟ್ಟಿದ್ದರಂತೆ.

“ಮುನ್ನೂರು ವರ್ಷದ ಹಿಂದಿನ ಮುದುಕಿ ಹೆಸರೂ ಸಿಕ್ಕೇತಿ ನೋಡವ್ವಾ,” ಎಂದ ಮಗ ಚಿದಾನಂದ್.

ಎಂದೋ ಸತ್ತ ಆ ಹೆಂಗಸರನ್ನು ಕಂಡು ಶಾಂತವ್ವನ ಹೊಟ್ಟೆ ಉರಿಯಿತು. ತನ್ನ ಲಗ್ನದ ದಿನ ಗಂಡ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ‘ಶಾಂತವ್ವ’ ಎಂದು ಹೊಸ ಹೆಸರು ಬರೆದಿದ್ದ. ಹಳೆಯ ಹೆಸರು ಹಿಡಿದು ಅವಳನ್ನು ಆಮೇಲೆ ಯಾರೂ ಕರೆದಿರಲಿಲ್ಲ.

“ಈಗ ನಿಮ್ಮ ಹೆಸರು, ಅತ್ತೆ,” ಎನ್ನುತ್ತ ಕ್ಲೇರ್ ಪೆನ್ನು ಕೊಟ್ಟು, ಚಿದಾನಂದ್‌ನ ಕಡೆಯ ಖಾಲಿ ಕೊಂಬೆ ತೋರಿಸಿದಳು.

ಶಾಂತವ್ವ ಒತ್ತಿ ಒತ್ತಿ ಬರೆದಳು: ಬಂಗಾರೆವ್ವ.

ಚಿದಾನಂದ್ ಬಾಗಿ ಓದಿದ. “ಯಾರವ್ವಾ ಇಕಿ?”