ಮೇಜಿನ ಮೇಲೆ ಉಳಿದ ಹುಡುಗಿ

ಮಗಳು ನೀಲಾಂಬಿಕೆ ತೀರಿಕೊಂಡು ವರ್ಷ ತುಂಬಿತ್ತು... ಸರ್ವಮಂಗಳಮ್ಮನವರ ಕಣ್ಣು ಮಾತ್ರ ಇನ್ನೂ ಒಣಗಿರಲಿಲ್ಲ.

ಅವಳ ಹೆಸರಿನಲ್ಲಿ ಎಲ್ಲಾದರೂ ಒಂದು ಹೆಣ್ಣುಮಗು ಓದಬೇಕು... ದಿನವೂ ಪೂಜೆಗೆ ಕುಳಿತಾಗ ಆ ತಾಯಿ ಬೇಡುತ್ತಿದ್ದದ್ದು ಇಷ್ಟೇ.

ದಾವಣಗೆರೆಯ ಒಂದು ಕ್ಲಬ್ಬಿನವರು ಆಫ್ರಿಕಾದ ಉಗಾಂಡದಲ್ಲಿ ಬಡ ಹುಡುಗಿಯರನ್ನು ಹೈಸ್ಕೂಲಿಗೆ ಕಳಿಸಲು ದಾನಿಗಳನ್ನು ಹುಡುಕುತ್ತಿದ್ದಾರೆಂದು ಪತಿ ಮುರುಗೇಂದ್ರಪ್ಪ ಸುದ್ದಿ ತಂದರು.

"ಅಷ್ಟು ದೂರ ಯಾಕ್ರೀ, ಇಲ್ಲಿ ಬಡವರಿಲ್ವಾ?" ಎಂದರು ಪಕ್ಕದ ಮನೆಯವರು.

"ಹೊಟ್ಟೆಯ ಸಂಕಟಕ್ಕೆ ಊರು ಯಾವುದಾದರೇನಮ್ಮಾ?" ಎಂದು ಸರ್ವಮಂಗಳಮ್ಮ ಸೀರೆ ಉಟ್ಟು ಹೊರಟೇಬಿಟ್ಟರು.

ಕ್ಲಬ್ಬಿನ ಹಾಲ್‌ನಲ್ಲಿ ಉಪ್ಪಿಟ್ಟು, ಕೇಸರಿಬಾತು ಘಮಘಮಿಸುತ್ತಿತ್ತು. ನಡುವೆ ಉದ್ದನೆಯ ಮೇಜು... ಅದರ ಮೇಲೆ ಸಾಲಾಗಿ ಹುಡುಗಿಯರ ಫೋಟೋಗಳು.

ದಾನಿಗಳು ಒಬ್ಬೊಬ್ಬರೂ ತಮಗೆ ಬೇಕಾದ ಹುಡುಗಿಯನ್ನು ಆರಿಸಿಕೊಳ್ಳಬೇಕಿತ್ತು.

"ಈಕೆ ಬೇಡ್ರಿ, ತೀರಾ ಕಪ್ಪು!" ಎಂದರು ಆಭರಣದಂಗಡಿಯ ಯಜಮಾನರು.

"ಅಲ್ರೀ, ಆಫ್ರಿಕಾದಲ್ಲಿ ಬಿಳೀ ಹುಡುಗಿ ಹುಡುಕ್ತೀರಲ್ಲ!" ಎಂದರು ಮತ್ತೊಬ್ಬರು. ಸುತ್ತ ನಿಂತವರೆಲ್ಲ ಗೊಳ್ಳೆಂದು ನಕ್ಕರು.

"ನಗ್ಬೇಡಿ ಸ್ವಾಮಿ..." ಎಂದರು ಯಜಮಾನರು. "ಫ್ರೇಮ್ ಹಾಕಿಸಿ ಅಂಗಡಿಯಲ್ಲಿ ತೂಗುಹಾಕೋದು. ಗಿರಾಕಿಗಳು ನೋಡ್ತಾರೆ, ಸ್ವಲ್ಪ ಲಕ್ಷಣವಾಗಿರಬೇಡ್ವಾ?"

ಇನ್ನೊಬ್ಬ ಹೆಂಗಸು ಬೆರಳು ತೋರಿಸಿದಳು. "ನಮ್ಮ ಸೊಸೆಗೆ ಮಕ್ಕಳಾಗ್ಲಿ ಅಂತ ಜೋಯಿಸರು ವಿದ್ಯಾದಾನ ಮಾಡಿ ಅಂದಿದಾರೆ. ಇದು ನಗ್ತಾ ಇದೆ ನೋಡಿ, ಇದನ್ನೇ ಕೊಡಿ."

ಇದು...! ಯಾರೋ ಹೆತ್ತ ಮಗಳೊಬ್ಬಳು ಆ ಬಾಯಲ್ಲಿ 'ಇದು' ಆಗಿದ್ದಳು.



ಈ ಮಾತುಗಳೆಲ್ಲ ಸರ್ವಮಂಗಳಮ್ಮನವರಿಗೆ ಹೊಸವಲ್ಲ... ಅವರ ಮನೆಯ ಜಮಖಾನೆಯ ಮೇಲೆ ಕುಳಿತು, ಇದೇ ಉಪ್ಪಿಟ್ಟು, ಇದೇ ಕೇಸರಿಬಾತು ತಿಂದು ಗಂಡಿನ ಕಡೆಯವರು ಆಡಿದ ಮಾತುಗಳವು.

"ಹುಡುಗಿ ಗುಣವಂತೆ... ಆದರೆ ಬಣ್ಣ ಸ್ವಲ್ಪ..."

ಹೆಣ್ಣು ನೋಡಲು ಬಂದವರು ಎದ್ದುಹೋದಾಗಲೆಲ್ಲ ನೀಲಾಂಬಿಕೆ ಕಾಫಿ ಲೋಟ ತೊಳೆದಿಡುತ್ತಿದ್ದಳು. ಕೊನೆಗೆ ಕಾಮಾಲೆ ಬಂದು ಹೋಗಿಯೇಬಿಟ್ಟಳು. ಮಣ್ಣಿಗೆ ಬಂದವರೂ ಅವಳ ಮುಖ ನೋಡಿ "ಪಾಪ, ಯಾರೂ ಒಪ್ಪಲೇ ಇಲ್ಲ" ಎಂದಿದ್ದರು.

ಅಷ್ಟರಲ್ಲಿ ಮುರುಗೇಂದ್ರಪ್ಪ ಒಂದು ಫೋಟೋ ಎತ್ತಿ ಹಿಡಿದರು.

"ಮಂಗಳಾ, ಇವಳನ್ನು ನೋಡು... ಬಣ್ಣ ತುಸು ತಿಳಿಯಾಗಿದೆ. ನಮ್ಮ ನೀಲಾ ಹೆಸರಿಗೆ ಚೆಂದ ಇರೋಳೇ ಇರಲಿ."

ಸರ್ವಮಂಗಳಮ್ಮ ಗಂಡನ ಮುಖವನ್ನೇ ನೋಡಿದರು.

"ರೀ... ನೀವೂನಾ?"

ಮುರುಗೇಂದ್ರಪ್ಪನವರ ಕೈಯಿಂದ ಫೋಟೋ ಜಾರಿ ಮೇಜಿನ ಮೇಲೆ ಬಿತ್ತು.

ಸರ್ವಮಂಗಳಮ್ಮ ನೇರವಾಗಿ ಕ್ಲಬ್ಬಿನ ಅಧ್ಯಕ್ಷರ ಬಳಿ ಹೋದರು.

"ಇಲ್ಲಿ ಯಾರಿಗೂ ಬೇಡವಾದವಳು ಏನಾಗ್ತಾಳೆ ಸ್ವಾಮಿ?"

"ಮುಂದಿನ ವರ್ಷ ಮತ್ತೆ ಇಡ್ತೀವಮ್ಮ. ಆದರೆ ಅಷ್ಟರೊಳಗೆ ಕೆಲವರಿಗೆ ಮನೆಯವರು ಮದುವೆ ಮಾಡಿಬಿಟ್ಟಿರ್ತಾರೆ. ಓದು ಅಲ್ಲಿಗೇ ಮುಗೀತು."

"ಹಾಗಾದರೆ ಎಲ್ಲರೂ ಆರಿಸಿಕೊಳ್ಳಲಿ. ಉಳಿದವಳು ನನ್ನವಳು."

ಕೊನೆಗೆ ಮೇಜಿನ ಮೇಲೆ ಒಂದೇ ಒಂದು ಫೋಟೋ ಉಳಿಯಿತು. ಅಧ್ಯಕ್ಷರು ಅದನ್ನು ಕೊಡಲು ಬಂದರೆ, "ಬೇಡ, ಬೋರಲು ಹಾಕಿ" ಎಂದರು ಸರ್ವಮಂಗಳಮ್ಮ.

"ನೋಡದೇ ಹೇಗಮ್ಮಾ?"

"ದಾಸೋಹದ ಪಂಕ್ತಿಯಲ್ಲಿ ಎಲೆ ನೋಡಿ ಬಡಿಸ್ತೀವಿ ಸ್ವಾಮಿ... ಮುಖ ನೋಡಿ ಅಲ್ಲ."

ಯಾರೋ ಹಿಂದಿನಿಂದ ಕಿಸಕ್ಕೆಂದರು.

ಆಮೇಲೆ ದಾನಿಗಳು ತಂತಮ್ಮ ಹುಡುಗಿಯ ಜೊತೆ ವಿಡಿಯೊ ಕಾಲ್‌ನಲ್ಲಿ ಮಾತಾಡುವ ಕಾರ್ಯಕ್ರಮ. ಉಗಾಂಡದಲ್ಲಿ ವ್ಯಾಪಾರ ಮಾಡುವ ನಮ್ಮ ಕಡೆಯವರೊಬ್ಬರ ಹೆಂಡತಿ ರೇಣುಕಾ ಆ ಶಾಲೆಯಲ್ಲಿ ಕುಳಿತು, ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ತಿಳಿಸುತ್ತಿದ್ದರು.

ಸರ್ವಮಂಗಳಮ್ಮನವರ ಸರದಿ ಬಂದಾಗ ನೆಟ್‌ವರ್ಕ್ ಸಾಲದೆ ಚಿತ್ರ ಬರಲಿಲ್ಲ... ಸ್ಪೀಕರ್‌ನಲ್ಲಿ ದನಿ ಮಾತ್ರ ಕೇಳಿಸಿತು.

"ಅಮ್ಮಾ, ಇವಳ ಹೆಸರು ಅಕೆಲೊ. ನಿಮ್ಮನ್ನು ಒಂದು ಮಾತು ಕೇಳಬೇಕಂತೆ..." ರೇಣುಕಾ ತಡವರಿಸಿದರು. "ಹೋದ ವರ್ಷ ಇವಳ ಫೋಟೋ ಯಾರೂ ತಗೊಂಡಿರಲಿಲ್ಲ. ಈ ಸಲ ಗೆಳತಿಯ ಅಂಗಿ ಕೇಳಿ ಹಾಕಿಕೊಂಡು, ನಗೋದು ಅಭ್ಯಾಸ ಮಾಡಿ ಫೋಟೋ ತೆಗೆಸಿಕೊಂಡಳು. ಇವತ್ತೂ ಅದೇ ಅಂಗಿಯಲ್ಲಿ ಕೂತಿದಾಳೆ."

"ಏನು ಕೇಳ್ತಾಳಮ್ಮಾ?"

"'ಈ ಸಲ ನಾನು ಚೆನ್ನಾಗಿ ಕಾಣ್ತಿದೀನಾ?' ಅಂತ..."



ಸರ್ವಮಂಗಳಮ್ಮ ಸೆರಗಿನಿಂದ ಬಾಯಿ ಒತ್ತಿಕೊಂಡು, ಸುಧಾರಿಸಿಕೊಂಡು ಹೇಳಿದರು...

"ನಾನು ಅವಳ ಫೋಟೋ ನೋಡೇ ಇಲ್ಲ ಅಂತ ಹೇಳಮ್ಮಾ. ನೋಡೋದೂ ಇಲ್ಲ. ನನ್ನ ಮಗಳು ಬಂದವರ ಮುಂದೆಲ್ಲ ಚೆನ್ನಾಗಿ ಕಾಣೋಕೆ ಹೆಣಗಿ ಹೆಣಗಿ ಸತ್ತಳು. ಇವಳು ಯಾರ ಮುಂದೆಯೂ ಚೆನ್ನಾಗಿ ಕಾಣಬೇಕಾಗಿಲ್ಲ... ಓದಲಿ, ಸಾಕು."

ಅತ್ತ ರೇಣುಕಾ ತಿಳಿಸಿ ಹೇಳುವುದು ಕೇಳಿಸಿತು. ಆಮೇಲೆ ಒಂದು ಮಗು ಬಿಕ್ಕಿ ಬಿಕ್ಕಿ ಅಳುವ ದನಿ. ಅಳುವಿನ ನಡುವೆಯೇ ಏನೋ ಹೇಳಿದಳು.

"ಏನಂತೆ?"

ರೇಣುಕಾ ಕೂಡ ಅಳುತ್ತ ನಗುತ್ತಿದ್ದರು. "'ಹಾಗಾದರೆ ಈ ಅಂಗಿ ವಾಪಸ್ ಕೊಟ್ಟುಬಿಡ್ಲಾ? ತುಂಬಾ ಬಿಗಿಯಾಗ್ತಿದೆ' ಅಂತಾಳಮ್ಮಾ!"

ಮಗಳು ಹೋದ ಮೇಲೆ ಸರ್ವಮಂಗಳಮ್ಮ ಮೊದಲ ಸಲ ನಕ್ಕರು... ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು.

"ಕೊಟ್ಟುಬಿಡಲಿ, ಈಗಲೇ ಕೊಟ್ಟುಬಿಡಲಿ!"

ಅಷ್ಟಾದರೂ ಆಭರಣದಂಗಡಿಯ ಯಜಮಾನರು ತಾವು ಆರಿಸಿದ ಹುಡುಗಿಯ ಫೋಟೋ ಎದೆಗೆ ಹಿಡಿದು ಕ್ಯಾಮೆರಾ ಮುಂದೆ ನಿಂತೇ ನಿಂತರು. ಸರ್ವಮಂಗಳಮ್ಮ ಆ ಹಾಲ್‌ನಲ್ಲಿ ಒಂದು ಚಮಚ ಉಪ್ಪಿಟ್ಟೂ ಮುಟ್ಟದೆ ಹೊರಬಂದರು. ಮುರುಗೇಂದ್ರಪ್ಪ ತಲೆ ತಗ್ಗಿಸಿ ಹಿಂದೆ ಬಂದರು.

*ಮುಖ ನೋಡಿ ಆರಿಸಿದರೆ ಅದು ಸಂತೆಯ ವ್ಯಾಪಾರ... ಕೊಡುವ ಧರ್ಮವಲ್ಲ.*

ಕೈಯೆತ್ತಿ ಕೊಡುವಾಗ ನಾವು ನಿಜವಾಗಿ ಯಾರ ಮುಖ ನೋಡುತ್ತಿರುತ್ತೇವೆ... ಪಡೆಯುವವರದೋ, ಇಲ್ಲ ನಮ್ಮದೇ ಮುಖವೋ?